ಬಟನ್ ಟೈರಿನ ಬೇಸಿಗೆ

ಹೋದ ತಿಂಗಳು ಗುಂಡ್ಲುಪೇಟೆ ದಾಟುವಾಗ ಕಾರಿನ ಚಕ್ರ ಪಂಕ್ಚರ್ ಆಗಿ, ಕೇರಳಕ್ಕೆ ಹೋಗುವ ರಸ್ತೆಯ ಒಂದು ಟೈರಿನ ಅಂಗಡಿಯ ಮುಂದೆ ಅರ್ಧ ಗಂಟೆ ನಿಲ್ಲಬೇಕಾಯಿತು. ಅಂಗಡಿಯವನು ಬೈಕಿನ ಹೊಸ ಟೈರುಗಳಿಗೆ ಸುತ್ತಿದ್ದ ಕಾಗದವನ್ನು ಹರಿದು ಅವನ್ನು ಗೂಟಗಳಿಗೆ ನೇತುಹಾಕುತ್ತಿದ್ದ. ಹೊಸ ರಬ್ಬರಿನ ವಾಸನೆ ಬಿಸಿಲಿಗೆ ಕಾದು ಹೊರಗೆ ಬಂತು. ಆ ವಾಸನೆ ಈಗಲೂ ನನಗೆ ಆಗುವುದಿಲ್ಲ. ಪಕ್ಕದಲ್ಲಿದ್ದ ಹೆಂಡತಿ, "ಯಾಕೆ, ಮುಖ ಹಿಂಗಾಯ್ತು?" ಎಂದಳು. ಬಿಸಿಲು ಅಂದೆ. ಅವಳಿಗೆ ಈ ಸಂಗತಿ ಅರ್ಧ ಮಾತ್ರ ಗೊತ್ತು. ಉಳಿದರ್ಧವನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ನಡುಭಾಗದ ಒಂದು ಬೇಸಿಗೆ. ನನಗೆ ಇಪ್ಪತ್ತೈದು ವರ್ಷ. ಲೈನ್‌ಮನ್ ಕೆಲಸ ಸಿಕ್ಕಿ ಗುಂಡ್ಲುಪೇಟೆಯಲ್ಲಿ ಅಕ್ಕ ಭಾವನ ಮನೆಯಲ್ಲಿದ್ದೆ. ಭಾವ ನಂಜುಂಡಸ್ವಾಮಿ ಬಂಡೀಪುರದಲ್ಲಿ ಫಾರೆಸ್ಟ್ ಗಾರ್ಡ್. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದರೆ ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಬಂದಾಗ ಅವರ ಖಾಕಿ ಅಂಗಿಯಿಂದ ಹೊಗೆ ನಾರುತ್ತಿತ್ತು. ಆನೆ ಹಿಂಡಿನ ಮುಂದೆ ಬರಿಗೈಯಲ್ಲಿ ನಿಂತವರು ಅಂತ ಜನ ಹೇಳುತ್ತಿದ್ದರು. ಕೇಳಿದರೆ, "ನಿಂತಿರ್ಲಿಲ್ಲ ಕಣ್ಲಾ, ಓಡಾಕೆ ಜಾಗ ಇರ್ಲಿಲ್ಲ," ಅನ್ನುತ್ತಿದ್ದರು. ನನಗೆ ಬೈಕ್ ಕಲಿಸಿದವರೂ ಅವರೇ.

ನನ್ನ ಬಳಿ ಇದ್ದದ್ದು ಹಳೆಯ ನೂರು ಸಿಸಿ ಟೂ ಸ್ಟ್ರೋಕ್ ಬೈಕು. ಬೆಳಗ್ಗೆ ಅದರ ಮೇಲೆ ಹಗ್ಗ, ಕಟಿಂಗ್ ಪ್ಲೇಯರು ಹೇರಿಕೊಂಡು ಕಂಬದಿಂದ ಕಂಬಕ್ಕೆ ಹೋಗುವುದು, ಭಾನುವಾರ ಅದೇ ಬೈಕಿನಲ್ಲಿ ರೇಸು. ಆ ವರ್ಷ ನಮ್ಮ ಕಡೆಯ ಹುಡುಗರಿಗೆ ಮಣ್ಣಿನ ರೇಸಿನ ಹುಚ್ಚು ಹಿಡಿದಿತ್ತು. ಬತ್ತಿದ ಕೆರೆಯ ಅಂಗಳದಲ್ಲಿ ಸುಣ್ಣ ಹಾಕಿ, ಗೂಟಕ್ಕೆ ಹಗ್ಗ ಕಟ್ಟಿ ಒಂದು ಸುತ್ತು ಮಾಡುತ್ತಿದ್ದರು. ಹೆಲ್ಮೆಟ್ ಇದ್ದವರು ಹಾಕಿಕೊಳ್ಳುತ್ತಿದ್ದರು, ಇಲ್ಲದವರು ಟವೆಲ್ ಸುತ್ತಿಕೊಳ್ಳುತ್ತಿದ್ದರು. ಬಿದ್ದವನನ್ನು ಎತ್ತಿ ಪಕ್ಕಕ್ಕೆ ಹಾಕಿ ರೇಸು ಮುಂದುವರಿಸುತ್ತಿದ್ದರು. ಮೂಳೆ ಮುರಿಯದ ಭಾನುವಾರ ಇರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ನಡೆದ ಮೊದಲ ರೇಸಿನಲ್ಲಿ ನನಗೆ ಎದುರಾದವನು ಚಂದಕವಾಡಿಯ ದೊರೆಸ್ವಾಮಿ. ಕರಿಕಲ್ಲಿನ ಕ್ವಾರಿಯಲ್ಲಿ ಕಂಪ್ರೆಸರ್ ಓಡಿಸುತ್ತಿದ್ದ. ನನ್ನ ವಯಸ್ಸಿನವನೇ, ನನಗಿಂತ ಗೇಣುದ್ದ ಎತ್ತರ. ನಾನು ಕೆಲಸಕ್ಕೆ ಓಡಿಸುವ ಟೈರಿನಲ್ಲೇ ಇಳಿದಿದ್ದೆ. ಸವೆಯಬಾರದೆಂದು ಮಾಡಿದ ಗಟ್ಟಿ ರಬ್ಬರು. ಪುಡಿಮಣ್ಣಿನ ಮೇಲೆ ಅದು ಹಿಡಿಯಲೇ ಇಲ್ಲ. ಮೂರನೇ ತಿರುವಿನಲ್ಲಿ ಹಿಂಬದಿ ಜಾರಿ ಬೈಕು ಅಡ್ಡಡ್ಡ ಹೋಯಿತು. ಹೇಗೋ ಕಾಲು ಊರಿ ಸರಿಮಾಡಿಕೊಳ್ಳುವಷ್ಟರಲ್ಲಿ ದೊರೆಸ್ವಾಮಿ ಪಕ್ಕಕ್ಕೆ ಬಂದು, ನನ್ನ ಹ್ಯಾಂಡಲ್ಲಿಗೆ ಬೂಟುಗಾಲಿನಿಂದ ಒದ್ದ. ಮುಖ ಅಡಿಯಾಗಿ ಬಿದ್ದೆ. ಮುಂದಿನ ಎರಡು ಹಲ್ಲು ಮಣ್ಣಿನಲ್ಲೇ ಉಳಿದವು. ರೇಸು ಮುಗಿದ ಮೇಲೆ ಅವನು ಹತ್ತಿರ ಬಂದು ನೋಡಿ, "ಮಣ್ಣಿಗೆ ಬರೋನು ಮಣ್ಣಿನ್ ಟೈರ್ ಹಾಕ್ಕ ಬಾ," ಎಂದು ಹೇಳಿ ಹೋದ. ನಕ್ಕಿದ್ದರೆ ಮರೆಯುತ್ತಿದ್ದೆನೋ ಏನೋ. ಅವನು ನಗಲಿಲ್ಲ. ಬುದ್ಧಿ ಹೇಳಿದವನ ಹಾಗೆ ಹೇಳಿದ.

ಮಾರನೆಯ ದಿನ ಬಾಯಿ ಊದಿಸಿಕೊಂಡು ಚೇಟನ ಅಂಗಡಿಗೆ ಹೋದೆ. ಚೇಟ ಅಂದರೆ ಸುಲ್ತಾನ್ ಬತ್ತೇರಿಯಿಂದ ಬಂದು ನಮ್ಮಲ್ಲಿ ಟೈರಿನ ಅಂಗಡಿ ಇಟ್ಟಿದ್ದ ಮಲಯಾಳಿ. ನಿಜವಾದ ಹೆಸರು ಯಾರಿಗೂ ಬೇಕಿರಲಿಲ್ಲ. ಅವನು ನಮ್ಮನ್ನೆಲ್ಲ ಮೋನೆ, ಅಂದರೆ ಮಗನೇ, ಎನ್ನುತ್ತಿದ್ದ. ಕೆಲಸಕ್ಕೂ ಆಗಬೇಕು, ರೇಸಿಗೂ ಆಗಬೇಕು, ಅಂಥ ಒಂದು ಟೈರು ಕೊಡು ಎಂದೆ. ಅವನು ನನ್ನ ತುಟಿಯನ್ನೇ ನೋಡಿದ.

"ಅಂಥ ಟೈರ್ ಇಲ್ಲ ಮೋನೆ. ಇದೆ ಅಂತ ಹೇಳಿ ಮಾರೋರು ಇದ್ದಾರೆ. ಎರಡು ಕಡೆನೂ ಅರ್ಧ ಅರ್ಧ ಬೀಳಿಸುತ್ತೆ ಅದು."

ಆಮೇಲೆ ಗೂಟದಿಂದ ಒಂದೊಂದೇ ಇಳಿಸಿ ತೋರಿಸಿದ. ಟಾರ್ ರಸ್ತೆಯಲ್ಲಿ ಟೈರು ಎಷ್ಟು ನೆಲ ಮುಟ್ಟಿದರೆ ಅಷ್ಟು ಹಿಡಿತ. ಮೇಲಿನ ಗೀರುಗಳಿರುವುದು ಮಳೆನೀರು ಪಕ್ಕಕ್ಕೆ ಹೋಗಲಿಕ್ಕೆ. ಮೆತ್ತನೆಯ ರಬ್ಬರು ಚೆನ್ನಾಗಿ ಅಂಟುತ್ತದೆ, ಬೇಗ ಸವೆಯುತ್ತದೆ. ಗಟ್ಟಿಯದು ಬಾಳುತ್ತದೆ, ಆದರೆ ಗಡಿಬಿಡಿಯಲ್ಲಿ ಕೈಕೊಡುತ್ತದೆ. ಮಣ್ಣಿನ ಲೆಕ್ಕವೇ ಬೇರೆ. ಅಲ್ಲಿ ನೆಲವೇ ನಿಲ್ಲುವುದಿಲ್ಲ, ಆದ್ದರಿಂದ ಅದನ್ನು ಕಚ್ಚಬೇಕು. ಅದಕ್ಕೆ ಬಟನ್ ಟೈರು. ಮೈತುಂಬ ಬೆರಳುದಪ್ಪದ ರಬ್ಬರಿನ ಗುಂಡಿಗಳು, ಗುಂಡಿಗಳ ನಡುವೆ ಮಣ್ಣು ಹೋಗಲು ಜಾಗ. ಗಾಳಿಯನ್ನೂ ಅರ್ಧಕ್ಕೆ ಇಳಿಸಿ ಓಡಿಸಬೇಕು, ಆಗ ಟೈರು ಚಪ್ಪಟೆಯಾಗಿ ಇನ್ನಷ್ಟು ಕಚ್ಚುತ್ತದೆ.

"ರೇಸ್ ಮುಗಿದ ತಕ್ಷಣ ಬಿಚ್ಚಬೇಕು," ಎಂದ ಚೇಟ. "ಬಟನ್ ಟೈರಲ್ಲಿ ಟಾರಿಗೆ ಹೋದರೆ ನೀನು ನೆಲದ ಮೇಲೆ ಹೋಗಲ್ಲ, ಬಟನ್ ತುದಿ ಮೇಲೆ ಹೋಗ್ತೀಯ. ಒಣ ರೋಡಲ್ಲಿ ನಿಧಾನ ಹೋಗಬಹುದು. ಮಳೆ ಬಂದರೆ ಇಳಿದು ತಳ್ಳಿಕೊಂಡು ಹೋಗು, ಕೇಟ್ಟೋ, ಕೇಳಿಸ್ತಾ?"

ಪರಿಚಯದ ಲಾರಿ ಡ್ರೈವರಿಗೆ ಹೇಳಿ ಕೊಯಮತ್ತೂರಿನಿಂದ ಒಂದು ಜೊತೆ ತರಿಸಿಕೊಟ್ಟ. ಆ ಟೈರು ಹಾಕಿದ ದಿನದಿಂದ ನಾನು ನಾನಾಗಿರಲಿಲ್ಲ. ಕೆಲಸ ಮುಗಿದ ಮೇಲೆ ಊರಾಚೆಯ ಕೆರೆಗೆ ಹೋಗಿ ಒಂದು ದಪ್ಪ ಕಲ್ಲನ್ನು ತಿರುವಿನಲ್ಲಿಟ್ಟು, ಅದು ದೊರೆಸ್ವಾಮಿಯ ಬೈಕು ಅಂತ ಮಾಡಿಕೊಂಡು, ಅದರ ಒಳಬದಿಯಿಂದ ನುಗ್ಗುವುದನ್ನು ಕಲಿತೆ. ಹಾದುಹೋಗುವಾಗ ಕಾಲು ಚಾಚಿ ಕಲ್ಲಿಗೆ ಒದೆಯುತ್ತಿದ್ದೆ. ಬೂಟಿನ ತುದಿ ಕಿತ್ತು ಹೆಬ್ಬೆರಳಿನ ಉಗುರು ಕಪ್ಪಾಯಿತು. ಅಕ್ಕ ಅದನ್ನು ನೋಡಿ, "ಕರೆಂಟ್ ಕಂಬಕ್ಕೆ ಒದ್ದಾ ಏನ್ಲಾ?" ಎಂದಳು. ಭಾವ ಒಂದು ಸಂಜೆ ಕೆರೆಗೆ ಬಂದು ಏರಿಯ ಮೇಲೆ ಕುಳಿತು ಇದನ್ನೆಲ್ಲ ನೋಡಿದರು. ಮನೆಗೆ ಬರುವಾಗ ಒಂದೇ ಮಾತು ಹೇಳಿದರು: "ಓಡ್ಸದು ಚೆನ್ನಾಗಿ ಕಲ್ತಿದ್ದೀಯ. ಆ ಕಲ್ಲ ವಸಿ ಮರೆ."

ಮುಂದಿನ ದೊಡ್ಡ ರೇಸು ಭರಣಿ ಮಳೆಯ ಹೊತ್ತಿಗೆ, ಮೇ ತಿಂಗಳ ಮೊದಲಿಗೆ, ಹರವೆಯ ಹತ್ತಿರದ ಒಂದು ಕೆರೆಯಲ್ಲಿ. ಮಳೆ ಮಾತ್ರ ಇನ್ನೂ ಬಿದ್ದಿರಲಿಲ್ಲ. ಮಧ್ಯಾಹ್ನವಾದರೆ ಮೋಡ ಕಟ್ಟಿ, ಗಾಳಿ ಎದ್ದು, ಹಂಚು ಹಾರಿಸಿ ಸುಮ್ಮನಾಗುತ್ತಿತ್ತು. ಆವತ್ತು ಭಾವನಿಗೆ ರಜೆ. ನಾನೂ ಬರುತ್ತೇನೆ ಎಂದರು. ಸಾಮಾನ್ಯವಾಗಿ ನಾನು ರಸ್ತೆಯ ಟೈರು ಎರಡನ್ನೂ ಹಿಂದಿನ ಸೀಟಿಗೆ ಕಟ್ಟಿಕೊಂಡು, ಬಟನ್ ಟೈರಿನಲ್ಲಿ ನಿಧಾನವಾಗಿ ಹೋಗಿ, ರೇಸು ಮುಗಿದ ಮೇಲೆ ಅಲ್ಲೇ ಬದಲಿಸಿಕೊಂಡು ಬರುತ್ತಿದ್ದೆ. ಈಗ ಟೈರು ಕಟ್ಟಿದರೆ ಭಾವ ಕೂರುವಂತಿರಲಿಲ್ಲ.

"ನಾನು ಬಸ್ಸಲ್ಲಿ ಬತ್ತೀನಿ ಕಣ. ನೀನು ಟೈರು ಕಟ್ಕ ಓಗು," ಎಂದರು ಭಾವ.

"ಬಸ್ಸು ಅರವೆ ಮುಟ್ಟೋ ಒತ್ಗೆ ರೇಸೇ ಮುಗ್ದೋಗಿರ್ತದೆ. ಕುಂತ್ಕಳಿ ಬಾವ. ಟೈರು ಇಲ್ಲೇ ಇರ್ಲಿ."

ಅವರು ಆಕಾಶ ನೋಡಿದರು. ನಾನು ನೋಡಲಿಲ್ಲ. ಟೈರುಗಳನ್ನು ಪಡಸಾಲೆಯ ಮೊಳೆಗೆ ನೇತುಹಾಕಿದೆ. ಅಕ್ಕ ಉಪ್ಸಾರು ಮಾಡಿರುತ್ತೇನೆ, ಬೇಗ ಬನ್ನಿ ಎಂದಳು.

ರೇಸಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಟೈರಿನ ಗಾಳಿ ಅರ್ಧಕ್ಕೆ ಇಳಿಸಿ ಸುತ್ತಿಗೆ ಇಳಿದೆ. ಕಡೆಯ ಸುತ್ತಿನವರೆಗೂ ದೊರೆಸ್ವಾಮಿ ಮುಂದಿದ್ದ. ಏರಿಯ ಕೆಳಗಿನ ತಿರುವಿನಲ್ಲಿ ಅವನು ಸ್ವಲ್ಪ ಹೊರಗೆ ಹೋದ, ನಾನು ಒಳಬದಿಯಿಂದ ನುಗ್ಗಿದೆ. ಬಟನ್‌ಗಳು ನೆಲವನ್ನು ಕಚ್ಚಿ ಎಳೆದದ್ದು ನನ್ನ ಸೊಂಟಕ್ಕೆ ಗೊತ್ತಾಯಿತು. ಅವನು ಕಾಲು ಎತ್ತಿದ. ಈ ಸಲ ನಾನು ಮೊದಲು ಒದ್ದೆ. ಅವನ ಬೈಕು ಹಗ್ಗ ಹರಿದುಕೊಂಡು ಜನರ ನಡುವೆ ಹೋಗಿ ಬಿತ್ತು. ನಾನು ಗೆದ್ದೆ.

ಬೈಕು ನಿಲ್ಲಿಸಿ ಇನ್ನೂ ಇಳಿದಿರಲಿಲ್ಲ, ಕ್ವಾರಿಯ ಹುಡುಗರು ಏಳೆಂಟು ಜನ ಬಂದರು. ಭಾವ ನಡುವೆ ಬಂದು ಎರಡೂ ಕೈ ಅಗಲಿಸಿ ನಿಂತು, "ಮಾತಾಡನ, ಮಾತಾಡನ, ಬುಡ್ರಪ್ಪ," ಎನ್ನುತ್ತಿದ್ದರು. ಯಾರೋ ಹಗ್ಗದ ಗೂಟ ಕಿತ್ತು ಅವರ ಭುಜಕ್ಕೆ ಹೊಡೆದ. ಗೂಟ ಮುರಿಯಿತು. ಅಲ್ಲಿಂದ ಮುಂದೆ ಯಾರು ಯಾರನ್ನು ಹೊಡೆದರು ಎಂಬ ಲೆಕ್ಕವೇ ಇರಲಿಲ್ಲ. ಗೆದ್ದವನ ಊರಿನವರು, ಸೋತವನ ಊರಿನವರು, ಎರಡೂ ಅಲ್ಲದವರು, ಎಲ್ಲರೂ ಹೊಡೆದರು. ಒಬ್ಬ ನನ್ನ ಕುತ್ತಿಗೆಗೆ ಕೈಹಾಕಿ ನೆಲಕ್ಕೆ ಒತ್ತಿದ. ಬಾಯಿಗೆ ಮಣ್ಣು ಹೋಯಿತು. ಅವನ ಕೈ ಕಚ್ಚಿದೆ, ರಕ್ತದ ರುಚಿ ಬಂತು. ಬಿಡಿಸಿಕೊಂಡು ಸೀಟಿನ ಕೆಳಗಿಂದ ಟೈರು ಬಿಚ್ಚುವ ಕಬ್ಬಿಣದ ಪಟ್ಟಿಯನ್ನು ಎಳೆದುಕೊಂಡೆ.

ಇಷ್ಟು ವರ್ಷ ಮನೆಯವರಿಗೂ ಊರಿನವರಿಗೂ ಹೇಳಿದ್ದು, ದೊರೆಸ್ವಾಮಿ ಚೈನು ಬೀಸಿಕೊಂಡು ಬಂದ, ನಾನು ತಡೆಯಲು ಹೊಡೆದೆ ಎಂದು. ಅದು ಸುಳ್ಳು. ಅವನ ಕೈಯಲ್ಲಿ ಏನೂ ಇರಲಿಲ್ಲ. ಬಗ್ಗಿ, ಬಿದ್ದಿದ್ದ ತನ್ನ ಬೈಕನ್ನು ಎತ್ತುತ್ತಿದ್ದ. ನಾನು ಅವನ ಹೆಸರು ಹಿಡಿದು ಕೂಗಿದೆ. ಅವನು ತಿರುಗಿ ನೋಡಿದ. ಆಗ ಹೊಡೆದೆ. ಪಟ್ಟಿಯ ತುದಿ ಎಡಗಣ್ಣಿಗೆ ತಗುಲಿತು. ಅವನು ಕಿರುಚಲಿಲ್ಲ, ಕಣ್ಣಿಗೆ ಏನೋ ಬಿತ್ತು ಎನ್ನುವವನ ಹಾಗೆ ಕೈಯಿಂದ ಮುಚ್ಚಿಕೊಂಡು ಕುಕ್ಕರಿಸಿದ. ಬೆರಳ ಸಂದಿಯಿಂದ ಇಳಿಯುತ್ತಿದ್ದುದು ರಕ್ತ ಒಂದೇ ಆಗಿರಲಿಲ್ಲ.

ಇದನ್ನು ನೋಡಿದವರು ಭಾವ ಒಬ್ಬರೇ. "ಹತ್ತು," ಎಂದು ನನ್ನನ್ನು ಬೈಕಿನ ಮೇಲೆ ನೂಕಿ ಹಿಂದೆ ಕುಳಿತರು. ಆ ಗಳಿಗೆಗೇ ಮಳೆ ಬಿತ್ತು. ಹನಿಯೊಂದೊಂದು ಕಲ್ಲಿನಂತೆ ಬಡಿಯುತ್ತಿತ್ತು. ಗುಂಡ್ಲುಪೇಟೆಯ ಕಡೆಯ ದಾರಿಗೆ ಜನ ಅಡ್ಡ ನಿಂತಿದ್ದರಿಂದ ಚಾಮರಾಜನಗರದ ಟಾರ್ ರಸ್ತೆಗೆ ತಿರುಗಿಸಿದೆ. ಗಾಳಿ ತುಂಬಿಸಿಕೊಳ್ಳಲು ಸಮಯವಿರಲಿಲ್ಲ. ಅರ್ಧ ಗಾಳಿ, ಬಟನ್ ಟೈರು, ಇಬ್ಬರ ಭಾರ. ವರ್ಷದ ಮೊದಲ ಮಳೆ ಬೇಸಿಗೆಯ ಧೂಳು, ಎಣ್ಣೆ ಎಲ್ಲವನ್ನೂ ಎಬ್ಬಿಸಿ ರಸ್ತೆಯನ್ನು ಸಾಬೂನು ಮಾಡಿತ್ತು. ಬೈಕಿನ ಹಿಂಬದಿ ಮೀನಿನಂತೆ ಆಡುತ್ತಿತ್ತು.

"ನಿಧಾನ ಕಣ್ಲಾ," ಎಂದರು ಭಾವ ಕಿವಿಯಲ್ಲಿ.

ನಿಧಾನ ಮಾಡಿದೆ. ಅಷ್ಟರಲ್ಲಿ ಹಿಂದೆ ಜೀಪಿನ ಹಾರನ್ ಕೇಳಿತು. ಬಿಡದೆ ಒತ್ತುತ್ತಿದ್ದರು. ತಿರುಗಿ ನೋಡಿದರೆ ಕ್ವಾರಿಯ ಜೀಪು, ಲೈಟು ಹಾಕಿಕೊಂಡು ಬರುತ್ತಿದೆ. ಆಕ್ಸಿಲರೇಟರ್ ಪೂರ್ತಿ ತಿರುವಿದೆ. ಭಾವ ನನ್ನ ಭುಜ ಅದುಮಿ ಏನೋ ಹೇಳಿದರು, ಕೇಳಲಿಲ್ಲ. ಮುಂದೆ ಒಂದು ಮೋರಿ, ಮೋರಿಯ ಮುಂಚೆ ಎಡಕ್ಕೆ ತಿರುವು. ಬೈಕನ್ನು ಬಾಗಿಸಿದೆ. ಟೈರು ನೆಲ ಬಿಟ್ಟದ್ದು ಎಷ್ಟು ಮೆತ್ತಗೆ ಆಯಿತೆಂದರೆ, ಯಾರೋ ಕೆಳಗಿನಿಂದ ಚಾಪೆ ಎಳೆದ ಹಾಗೆ. ನಾನು ಕೈಬಿಟ್ಟು ರಸ್ತೆಯ ಮೇಲೆ ಉಜ್ಜಿಕೊಂಡು ಹೋದೆ. ಭಾವ ಬೈಕಿನ ಜೊತೆಗೇ ಹೋಗಿ ಮೋರಿಯ ಕಲ್ಲಿಗೆ ಬಡಿದರು. ಬಲಗಾಲು ಕಲ್ಲಿಗೂ ಇಂಜಿನ್ನಿಗೂ ನಡುವೆ ಸಿಕ್ಕಿತು. ಆ ಶಬ್ದ ಹೇಗಿತ್ತೆಂದು ಬರೆಯಲಾರೆ.

ಜೀಪು ನಿಂತಿತು. ಇಳಿದವರಲ್ಲಿ ಒಬ್ಬ ನೇರ ಬಂದು ನನ್ನ ಪಕ್ಕೆಗೆ ಒದ್ದ, ಮತ್ತೊಮ್ಮೆ ಒದ್ದ. ನಾನು ತಲೆ ಮುಚ್ಚಿಕೊಂಡು, "ನನ್ನ ಸಾಯ್ಸಿ, ಅವ್ರುನ್ನ ಎತ್ರಪ್ಪ," ಎನ್ನುತ್ತಿದ್ದೆ. ಡ್ರೈವರ್ ಮಳೆಯಲ್ಲಿ ನಿಂತು ತಲೆ ಚಚ್ಚಿಕೊಂಡ.

"ನಿಮ್ಮುನ್ನ ಯಾವನ್ಲಾ ಅಟ್ಟಿಸ್ಕ ಬಂದ? ಇವುನ್ ಕಣ್ಣು ಓಯ್ತಾ ಅದೆ ಅಂತ ಆಸ್ಪತ್ರೆಗೆ ಓಯ್ತಿದ್ದೊ. ದಾರಿ ಬುಡು ಅಂತ ಹಾರನ್ ಒಡುದ್ರೆ, ಯಾನ ಮಾಡ್ಬುಟ್ಟೆ ನೋಡ್ಲಾ."

ಜೀಪಿನ ಹಿಂದಿನ ಸೀಟಿನಲ್ಲಿ ದೊರೆಸ್ವಾಮಿ ಮುಖಕ್ಕೆ ಟವೆಲ್ ಒತ್ತಿಕೊಂಡು ಕುಳಿತಿದ್ದ. ಟವೆಲ್ ಪೂರ್ತಿ ಕೆಂಪಾಗಿತ್ತು. ನನಗೆ ಒದೆಯುತ್ತಿದ್ದವನು ಮೂರನೆಯ ಸಲ ಕಾಲೆತ್ತಿದ.

"ಬುಡ್ಲಾ ಅವ್ನ," ಎಂದ ದೊರೆಸ್ವಾಮಿ ಒಳಗಿನಿಂದ. "ಆ ಕಾಲ್ ನೋಡು. ಎತ್ತಿ ಇಲ್ಲಿ ಮಡಗ್ರಿ."

ಭಾವನನ್ನು ಎತ್ತಿ ಅವನ ಪಕ್ಕ ಕೂರಿಸಿದರು. ನಾನು ಕೆಳಗೆ, ಅವರಿಬ್ಬರ ಕಾಲಬಳಿ ಕುಳಿತು ಭಾವನ ತೊಡೆಯನ್ನು ಅಂಗಿಯಿಂದ ಕಟ್ಟಿ ಹಿಡಿದಿದ್ದೆ. ಜೀಪು ಹಾರಿದಾಗಲೆಲ್ಲ ಭಾವ ಕೂಗುತ್ತಿದ್ದರು. ಆನೆಯ ಮುಂದೆ ನಿಂತ ಮನುಷ್ಯ ಚಿಕ್ಕ ಮಗುವಿನ ಹಾಗೆ ಅವ್ವ ಅವ್ವ ಎನ್ನುತ್ತಿದ್ದರು. ದೊರೆಸ್ವಾಮಿ ಒಂದು ಕೈಯಲ್ಲಿ ಟವೆಲ್ ಒತ್ತಿಕೊಂಡೇ, ಇನ್ನೊಂದು ತೋಳಿನಿಂದ ಅವರ ಸೊಂಟವನ್ನು ಬಳಸಿ ಅಲುಗದಂತೆ ಹಿಡಿದಿದ್ದ. ಚಾಮರಾಜನಗರ ಬರುವವರೆಗೆ ನನ್ನ ಕಡೆ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಎಂದು ಮೊದಲು ಅವನನ್ನೇ ಕೇಳಿದರು. "ಬೈಕಲ್ಲಿ ಬಿದ್ದೆ ಸಾ, ಮೋರಿ ಕಬ್ಬಿಣ ಚುಚ್ಚುಬುಡ್ತು," ಎಂದ. ಆ ಮೋರಿಗೆ ಕಬ್ಬಿಣವೇ ಇರಲಿಲ್ಲ. ಡಾಕ್ಟರು ನನ್ನ ಮುಖ ನೋಡಿದರು. ನಾನೂ ಹೌದು ಎಂದೆ. ಪೊಲೀಸಿನವರು ಬಂದು ಅದನ್ನೇ ಬರೆದುಕೊಂಡು ಹೋದರು.

ಭಾವನ ಕಾಲನ್ನು ಮೈಸೂರಿನಲ್ಲಿ ಮೊಣಕಾಲಿನ ಕೆಳಗೆ ತೆಗೆದರು. ದೊರೆಸ್ವಾಮಿಯ ಎಡಗಣ್ಣು ಹೋಯಿತು. ನನಗೆ ಎರಡು ಪಕ್ಕೆಲುಬು ಮುರಿದದ್ದು ಬಿಟ್ಟರೆ ಏನೂ ಆಗಲಿಲ್ಲ.

ಅಕ್ಕ ಆಸ್ಪತ್ರೆಗೆ ಬಂದವಳು ನನಗೆ ಚಪ್ಪಲಿಯಲ್ಲಿ ಹೊಡೆದಳು. ವಾರ್ಡಿನ ಜನ ಎದ್ದು ಕುಳಿತು ನೋಡುತ್ತಿದ್ದರು, ಯಾರೂ ಬಿಡಿಸಲಿಲ್ಲ. ಅವಳು ಸುಸ್ತಾಗುವವರೆಗೆ ನಿಂತುಕೊಂಡಿದ್ದೆ. ಮನೆಗೆ ಹೋದ ದಿನ ಅವಳ ಕಣ್ಣಿಗೆ ಬಿದ್ದದ್ದು ಪಡಸಾಲೆಯ ಮೊಳೆಯಲ್ಲಿದ್ದ ರಸ್ತೆಯ ಟೈರುಗಳು. ಮಚ್ಚು ತಂದು ಅವನ್ನು ಕೆಳಗೆ ಎಳೆದು ಕಡಿಯತೊಡಗಿದಳು. "ಇವು ಮನೇಲಿ ತಣ್ಣಗೆ ಕುಂತಿದ್ದೊ. ನನ್ನ ಗಂಡ ರೋಡಲ್ಲಿ ಬಿದ್ದಿದ್ರು," ಎನ್ನುತ್ತ ಕಡಿದಳು. ರಬ್ಬರು ಸೀಳಿತು, ಅಂಚಿನ ತಂತಿ ಮಾತ್ರ ಸೀಳಲಿಲ್ಲ. ಮಚ್ಚಿನ ಬಾಯಿ ಮುಕ್ಕಾಯಿತು. ಅವಳ ಅಂಗೈ ಹರಿದು ನೆಲವೆಲ್ಲ ರಕ್ತ. ನಾನು ಹಿಡಿಯಲು ಹೋದರೆ ಮಚ್ಚನ್ನು ನನ್ನ ಕಡೆ ತಿರುಗಿಸಿದಳು. ನಾನು ಹಿಂದೆ ಸರಿಯಲಿಲ್ಲ. ಕೊನೆಗೆ ಅವಳೇ ಅದನ್ನು ಎಸೆದು ಅಡುಗೆಮನೆಗೆ ಹೋದಳು. ಮುಂಗಾರು ಮುಗಿಯುವವರೆಗೆ ನನ್ನ ಜೊತೆ ಮಾತಾಡಲಿಲ್ಲ. ತಟ್ಟೆ ಮಾತ್ರ ಹಾಕುತ್ತಿದ್ದಳು.

ಇಲಾಖೆ ಭಾವನನ್ನು ಕಾಡಿನಿಂದ ತೆಗೆದು ಆಫೀಸಿನಲ್ಲಿ ಕೂರಿಸಿತು. ಒಂದು ಬೆಳಗ್ಗೆ ಅವರು ಜಗಲಿಯಲ್ಲಿ ಒಬ್ಬರೇ ಇದ್ದಾಗ, ಅವರ ಕಾಲಬಳಿ ಕುಳಿತು ತಪ್ಪಾಯಿತು ಎಂದೆ. ಅದಕ್ಕೂ ಮುಂಚೆ ಎಷ್ಟೋ ಸಲ ಅಂದಿದ್ದೆ. ಆವತ್ತು ಅವರು ಊರುಗೋಲನ್ನು ಎತ್ತಿ ಬೀಸಿ ಹೊಡೆದರು. ಹುಬ್ಬು ಸೀಳಿತು.

"ನನ್ತಾವ ಯಾನಕ್ಲಾ ಅಂತೀಯ?" ಎಂದರು. "ನನ್ನ ಕಾಲು ಮಳೇಲಿ ಓಯ್ತು. ಅವ್ನ ಕಣ್ಣ ನೀನು ಕರ್ದು ಹೊಡ್ದೆ. ನಾನು ನೋಡಿವ್ನಿ. ಓಗಿ ಅವುನ್ತಾವ ಅನ್ನು."

ಹೋಗಲಿಲ್ಲ. ಧೈರ್ಯ ಬರಲಿಲ್ಲ. ಕಂಬ ಹತ್ತುವುದು, ಇಳಿಯುವುದು, ಮನೆಗೆ ಬರುವುದು. ಬೈಕು ಮಾರಿ ಸೈಕಲ್ಲಿನಲ್ಲಿ ಓಡಾಡುತ್ತಿದ್ದೆ. ಸಂಜೆ ಹೊತ್ತು ಚೇಟನ ಅಂಗಡಿಯಲ್ಲಿ ಕೂರುತ್ತಿದ್ದೆ, ಟೈರು ಹಾಕಲು ಸಹಾಯ ಮಾಡುತ್ತಿದ್ದೆ.

ಹೀಗೆ ದೀಪಾವಳಿ ಕಳೆದು, ಹಿಂಗಾರು ಹಿಡಿದಿದ್ದಾಗ ಒಂದು ಮಧ್ಯಾಹ್ನ ಬೈಕೊಂದು ಅಂಗಡಿಯ ಮುಂದೆ ನಿಂತಿತು. ದೊರೆಸ್ವಾಮಿ. ಎಡಗಣ್ಣಿನ ಜಾಗದಲ್ಲಿ ರೆಪ್ಪೆ ಒಳಕ್ಕೆ ಹೊಲಿದಂತಿತ್ತು. ನನ್ನನ್ನು ನೋಡಿ ಬೆಚ್ಚಲಿಲ್ಲ. ನಾನಿರುತ್ತೇನೆಂದು ಗೊತ್ತಿದ್ದೇ ಬಂದಿದ್ದ. ಚೇಟ ಕೈಯಲ್ಲಿದ್ದುದನ್ನು ಕೆಳಗಿಟ್ಟು ನಮ್ಮಿಬ್ಬರ ನಡುವೆ ಬಂದು ನಿಂತ.

"ಒಂದು ಕಣ್ಣಲ್ಲಿ ದೂರ ತಿಳಿಯಾಕಿಲ್ಲ," ಎಂದ ದೊರೆಸ್ವಾಮಿ, ನನಗೇ. "ಮುಂದ್ಗಡೆ ಗಾಡಿ ಹತ್ರ ಬಂದ್ಮೇಲೇ ಗೊತ್ತಾಗದು. ಬ್ರೇಕ್ ತಡ ಆಯ್ತದೆ. ಎರಡು ಸತಿ ಗುದ್ದಿವ್ನಿ. ಕೆಲ್ಸುಕ್ಕೆ ದಿನಾ ಓಗ್ಬೇಕು. ಯಾವ ಟೈರ್ ಹಾಕ್ಬೇಕು, ಯೋಳು."

ನಾನು ಎದ್ದೆ. ಗೂಟದಲ್ಲಿದ್ದ ಎಲ್ಲವನ್ನೂ ಇಳಿಸಿದೆ. ಗಟ್ಟಿಯದು ಬೇಡ, ಸವೆದರೆ ಸವೆಯಲಿ, ಮೆತ್ತನೆಯದೇ ಬೇಕು ಎಂದೆ. ತಡವಾಗಿ ಬ್ರೇಕ್ ಹಿಡಿದರೂ ನಿಲ್ಲಬೇಕಾದದ್ದು ಮುಂದಿನ ಚಕ್ರ, ಅದಕ್ಕೆ ನೀರು ಬೇಗ ಬಿಡುವ ಆಳವಾದ ಗೀರಿನದು ಹಾಕೋಣ ಎಂದೆ. ಮಳೆ ಇದ್ದಷ್ಟು ದಿನ ವಾರಕ್ಕೊಮ್ಮೆ ಗಾಳಿ ನೋಡಿಸಬೇಕು ಎಂದೆ. ಅವನು ಒಂದೊಂದಕ್ಕೂ ತಲೆಯಾಡಿಸಿದ. ಎರಡೂ ಚಕ್ರ ನಾನೇ ಬಿಚ್ಚಿ, ನಾನೇ ಹಾಕಿದೆ. ಕಬ್ಬಿಣದ ಪಟ್ಟಿ ಕೈಗೆತ್ತಿಕೊಂಡಾಗ ಅವನು ಒಂದು ಹೆಜ್ಜೆ ಹಿಂದೆ ಸರಿದ. ನಾನು ಪಟ್ಟಿಯನ್ನು ಚೇಟನಿಗೆ ಕೊಟ್ಟು, ಅಂಚು ಎತ್ತುವ ಕೆಲಸವನ್ನು ಅವನಿಂದ ಮಾಡಿಸಿದೆ.

ಮುಂದಿನ ಚಕ್ರದ ನಟ್ಟು ಬಿಗಿಸುತ್ತ, ತಲೆ ಎತ್ತದೆ, "ಅವತ್ತು ನಿನ್ನ ಕೈಲಿ ಯಾನೂ ಇರ್ಲಿಲ್ಲ," ಎಂದೆ.

"ನಂಗೊತ್ತಿಲ್ವಾ?" ಎಂದ.

ಆಮೇಲೆ ಹೊಸ ಟೈರಿನ ಗೀರಿಗೆ ಬೆರಳು ಹಾಕಿ ನೋಡುತ್ತ, "ಸಿಟ್ಟು ಓಗಿಲ್ಲ ಕಣ. ಓಯ್ತದೆ ಅಂತ ನೀನೂ ಕಾಯ್ಬೇಡ. ನಿಂಗೆ ಟೈರ್ ಗೊತ್ತು ಅಂತ ಬಂದೆ, ಅಷ್ಟೇಯ," ಎಂದ.

ನಾನು ಎದ್ದು ಕೈ ಒರೆಸಿಕೊಂಡೆ. ಅವನು ಬಗ್ಗಿ ಸ್ಪ್ಯಾನರ್ ತೆಗೆದುಕೊಂಡು, ನಾನು ಆಗತಾನೇ ಬಿಗಿಸಿದ್ದ ನಟ್ಟಿಗೆ ಹಾಕಿ, ಮೈಭಾರವೆಲ್ಲ ಬಿಟ್ಟು ತಿರುಗಿಸಿ ನೋಡಿದ. ನಟ್ಟು ಒಂದು ಎಳೆಯಷ್ಟೂ ಅಲ್ಲಾಡಲಿಲ್ಲ. ಸ್ಪ್ಯಾನರನ್ನು ನನ್ನ ಕೈಗೇ ಕೊಟ್ಟು, ಗಾಡಿ ಹತ್ತಿ, ಮಳೆಯಲ್ಲಿ ಹೋದ.